ಫ್ಯಾಂಟಸಿ ಆಟಗಳ ಕಾಳಗ: ನಿಯಮಗಳು ಬೆಳೆದು ಬಂದ ದಾರಿ

ಫ್ಯಾಂಟಸಿ ರೋಲ್-ಪ್ಲೇಯಿಂಗ್ ವಿಡಿಯೋ ಗೇಮ್‌ಗಳ ಕಾಳಗ ಹುಟ್ಟಿದ್ದು ಜರ್ಮನ್ ನಾಡುಗಳ ಸೇನಾಧಿಕಾರಿಗಳ ಮೇಜಿನ ಮೇಲೆ. ಕತ್ತಿ ಹಿಡಿದ ವೀರ, ಬೆಂಕಿಯುಗುಳುವ ಡ್ರ್ಯಾಗನ್, ಮಂತ್ರ ಹಾಕುವ ಮುದುಕ ಇವರೆಲ್ಲ ಬಹಳ ತಡವಾಗಿ ಬಂದವರು. ಪೆಟ್ಟು ತಗುಲಿತೇ, ತಗುಲಿದರೆ ನಷ್ಟವೆಷ್ಟು, ಒಂದು ಸರದಿಯಲ್ಲಿ ಎಷ್ಟು ದೂರ ನಡೆಯಬಹುದು ಎಂದು ತೀರ್ಮಾನಿಸುವ ಲೆಕ್ಕಾಚಾರಕ್ಕೆ ಸುಮಾರು 200 ವರ್ಷಗಳ ವಯಸ್ಸಾಗಿದೆ. ಆಟದ ಕಾಳಗ ನಿಜವಾದ ಕಾಳಗದಂತಿರಬೇಕು, ಗೆಲುವು ಅಂಕಿಗಳ ಗಾತ್ರದಿಂದಲ್ಲದೆ ಯೋಚನೆಯಿಂದ ಬರಬೇಕು ಎಂಬ ಬೇಡಿಕೆಯೂ ಅಷ್ಟೇ ಹಳೆಯದು. ಇಂದು ಹೊಸದೆಂದು ಮುಂದಿಡುವ ಹಲವು ಸಲಹೆಗಳು ಹಿಂದೊಮ್ಮೆ ಆಟದಲ್ಲಿ ಇದ್ದವೇ. ಯಾವುದೋ ಕಾರಣಕ್ಕೆ ಕೈಬಿಟ್ಟುಹೋಗಿ, ಬೇರೆ ಕಾಲದಲ್ಲಿ ಬೇರೆಯವರ ಕೈಯಲ್ಲಿ ಮತ್ತೆ ಜೀವ ಪಡೆದವು.

ಸೇನೆಯನ್ನು ಮಣೆಯ ಮೇಲೆ ಹೂಡುವ ಕಲ್ಪನೆ ಭಾರತದ ಚತುರಂಗದಿಂದ ಹೊರಟಿತು. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ದಂಡೇ ಅದರ ಕಾಯಿಗಳು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಈ ಆಟಕ್ಕೂ ಜಾಗವಿದೆ. ಪರ್ಷಿಯಾ ಮತ್ತು ಅರಬ್ ನಾಡುಗಳನ್ನು ಹಾದು ಅದು ಯುರೋಪ್ ತಲುಪಿ ಚೆಸ್ ಆಯಿತು. ಆದರೆ ಚದುರಂಗದಲ್ಲಿ ನೆಲವೆಲ್ಲ ಒಂದೇ ಸಮ. ದಿಣ್ಣೆಯಿಲ್ಲ, ಕೆಸರಿಲ್ಲ, ಹೊಳೆಯಿಲ್ಲ. ಒಂದು ಕಾಯಿ ಇನ್ನೊಂದರ ಮೇಲೆ ಬಿದ್ದರೆ ಕಡಿತ ಖಚಿತ. ಕಾಲಾಳು ಕುದುರೆಯನ್ನು ಕಡಿಯುವಾಗಲೂ ಅನುಮಾನವಿಲ್ಲ. ಎದುರಾಳಿಯ ಬಲವೆಲ್ಲ ಕಣ್ಣೆದುರೇ ಇರುತ್ತದೆ. ಯುದ್ಧವನ್ನು ಕಂಡವರಿಗೆ ಈ ಮೂರೂ ಕೊರತೆಗಳಾಗಿ ತೋರಿದ್ದು ಸಹಜ.

ಬ್ರೌನ್‌ಷ್ವೈಗ್ ಸಂಸ್ಥಾನದ ಯೋಹಾನ್ ಹೆಲ್‌ವಿಗ್ 1780ರಲ್ಲಿ ಚೆಸ್ಸಿನ ಮಣೆಯನ್ನು ಹಿಗ್ಗಿಸಿ 1,617 ಚೌಕಗಳ ಯುದ್ಧದಾಟವನ್ನು ರೂಪಿಸಿದ. ಬೆಟ್ಟ, ಜೌಗು, ನೀರು ಇವುಗಳನ್ನು ತೋರಿಸಲು ಚೌಕಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟ. ನೆಲದ ಗುಣ ಆಟದೊಳಗೆ ಬಂತು. ಕಾಯಿ ಕಡಿಯುವ ರೀತಿ ಮಾತ್ರ ಚೆಸ್ಸಿನದೇ ಉಳಿಯಿತು.

ಅದನ್ನೂ ಬದಲಿಸಿದವರು ಪ್ರಷ್ಯದ ರೈಸ್‌ವಿಟ್ಸ್ ಮನೆತನದ ತಂದೆ ಮತ್ತು ಮಗ. ತಂದೆ 1812ರಲ್ಲಿ ದೊರೆ ಮೂರನೆಯ ಫ್ರೀಡ್ರಿಕ್ ವಿಲ್‌ಹೆಲ್ಮ್‌ಗೆ ಒಂದು ದೊಡ್ಡ ಮೇಜನ್ನು ಒಪ್ಪಿಸಿದ. ಅದರ ಮೇಲೆ ಗುಡ್ಡ, ಕಾಡು, ಹಳ್ಳಿಗಳ ಅಚ್ಚುಗಳನ್ನು ಬೇಕಾದಂತೆ ಜೋಡಿಸಿ ರಣರಂಗ ಕಟ್ಟಬಹುದಾಗಿತ್ತು. ಫಿರಂಗಿದಳದ ಅಧಿಕಾರಿಯಾಗಿದ್ದ ಮಗ 1824ರಲ್ಲಿ ಅದನ್ನು ಕಾಗದದ ನಕ್ಷೆಗೆ ಇಳಿಸಿ, ನಿಯಮಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ. ಆಟದ ಹೆಸರು ‘ಕ್ರೀಗ್ಸ್‌ಷ್ಪೀಲ್’. ನಕ್ಷೆಯ ಅಳತೆ 1:8000. ಒಂದು ಸರದಿಯೆಂದರೆ ರಣರಂಗದ 2 ನಿಮಿಷ. ಆ 2 ನಿಮಿಷದಲ್ಲಿ ಕಾಲಾಳು ಎಷ್ಟು ನಡೆಯಬಲ್ಲ, ಕುದುರೆ ಎಷ್ಟು ಓಡಬಲ್ಲದು ಎಂಬ ನಿಜದ ಅಳತೆಯೇ ಕಾಯಿಗಳ ನಡೆಗೆ ಮಿತಿ. ಗುಂಡಿನ ಪರಿಣಾಮವನ್ನು ದಾಳ ನಿರ್ಧರಿಸುತ್ತಿತ್ತು. ದಾಳದ ಹಿಂದಿದ್ದ ಕೋಷ್ಟಕಗಳಲ್ಲಿ ದೂರ ಹೆಚ್ಚಿದಂತೆ ಹಾನಿ ಇಳಿಯುತ್ತಿತ್ತು. ಒಂದು ತುಕಡಿ ಒಂದೇ ಏಟಿಗೆ ಮಾಯವಾಗುತ್ತಿರಲಿಲ್ಲ. ಅದರ ನಷ್ಟ ಅಂಕಗಳಲ್ಲಿ ಕೂಡುತ್ತ ಹೋಗಿ, ಒಂದು ಮಿತಿ ಮುಟ್ಟಿದಾಗ ಕಾಯಿಯನ್ನು ತೆಗೆಯಲಾಗುತ್ತಿತ್ತು.

ಇಷ್ಟಕ್ಕಿಂತ ದೊಡ್ಡ ಹೆಜ್ಜೆಯೆಂದರೆ ತೀರ್ಪುಗಾರ. ಎರಡೂ ಪಕ್ಷದವರು ತಮ್ಮ ಆಜ್ಞೆಗಳನ್ನು ಬರೆದು ಅವನ ಕೈಗೆ ಕೊಡುತ್ತಿದ್ದರು. ಶತ್ರುವಿನ ತುಕಡಿ ಕಣ್ಣಳತೆಗೆ ಬರುವತನಕ ಅದರ ಕಾಯಿಯನ್ನು ಅವನು ನಕ್ಷೆಯ ಮೇಲೆ ಇಡುತ್ತಿರಲಿಲ್ಲ. ದೂರದ ದಳಕ್ಕೆ ಕಳಿಸಿದ ಆಜ್ಞೆ ಕುದುರೆಯ ವೇಗದಲ್ಲೇ ಹೋಗಿ ಸೇರಬೇಕಾಗಿತ್ತು. ಅದು ತಲುಪುವ ಹೊತ್ತಿಗೆ ಪರಿಸ್ಥಿತಿ ಬದಲಾಗಿದ್ದರೆ ದಂಡನಾಯಕ ಅದರ ಫಲ ಉಣ್ಣಬೇಕು. ಸೇನಾ ಮುಖ್ಯಸ್ಥ ಫಾನ್ ಮ್ಯೂಫ್ಲಿಂಗ್ ಇದನ್ನು ನೋಡಿ ಮೆಚ್ಚಿ, ಇಡೀ ಸೇನೆಗೆ ಶಿಫಾರಸು ಮಾಡಿದ. ಆಟವನ್ನು ರೂಪಿಸಿದ ಮಗ 1827ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಆಟ ಮಾತ್ರ ಉಳಿದು, ಪ್ರಷ್ಯದ ಅಧಿಕಾರಿಗಳ ತರಬೇತಿಯ ಭಾಗವಾಯಿತು. 1876ರಲ್ಲಿ ಯೂಲಿಯಸ್ ಫಾನ್ ವೆರ್ಡಿ ದ್ಯು ವೆರ್ನ್ವಾ ಕೋಷ್ಟಕಗಳ ಭಾರವನ್ನು ಇಳಿಸಿ, ಅನುಭವಿ ತೀರ್ಪುಗಾರನ ವಿವೇಕಕ್ಕೇ ನಿರ್ಣಯವನ್ನು ಬಿಡಬೇಕೆಂದು ವಾದಿಸಿದ. ವಿವರವಾದ ಲೆಕ್ಕ ಬೇಕೆ, ಬೇಗ ಮುಗಿಯುವ ಆಟ ಬೇಕೆ ಎಂಬ ಜಗ್ಗಾಟ ಅಲ್ಲಿಂದ ಇಂದಿನವರೆಗೂ ನಿಂತಿಲ್ಲ.

ಮುಂದಿನ ಎಂಟು ದಶಕಗಳಲ್ಲಿ ಯುದ್ಧದಾಟ ಸೇನೆಯಿಂದ ಮನೆಯ ಹಜಾರಕ್ಕೆ ಬಂತು. ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಬರೆದ. ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ‘ಟ್ಯಾಕ್ಟಿಕ್ಸ್’ ಎಂಬ ಹಾಸು-ಆಟವನ್ನು ಮಾರಾಟಕ್ಕೆ ತಂದು, ಮುಂದೆ ಅವಲಾನ್ ಹಿಲ್ ಸಂಸ್ಥೆಯನ್ನು ಕಟ್ಟಿದ. ಅದೇ ಸಂಸ್ಥೆ 1961ರಲ್ಲಿ ಚೌಕಗಳ ಬದಲು ಆರು ಮೂಲೆಯ ಮನೆಗಳನ್ನು ಬಳಸಿತು. ಆರು ದಿಕ್ಕಿಗೂ ಒಂದೇ ಅಂತರ ಇರುವುದರಿಂದ ಮುಖ ಯಾವ ಕಡೆಗಿದೆ, ಪಕ್ಕೆ ಯಾವುದು, ಬೆನ್ನು ಯಾವುದು ಎಂಬ ಲೆಕ್ಕ ಸಲೀಸಾಯಿತು.

ಫ್ಯಾಂಟಸಿ ಈ ಪರಂಪರೆಗೆ ಸೇರಿದ್ದು 1971ರಲ್ಲಿ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ‘ಚೈನ್‌ಮೇಲ್’ ಎಂಬ ಮಧ್ಯಯುಗದ ಯುದ್ಧದಾಟದ ನಿಯಮಗಳನ್ನು ಪ್ರಕಟಿಸಿದರು. ಒಂದು ಗೊಂಬೆ 20 ಸೈನಿಕರಿಗೆ ಸಮ. ಇದರ ಜೊತೆಗೆ ಒಬ್ಬೊಬ್ಬರೇ ಎದುರುಬದುರಾಗಿ ಹೋರಾಡುವ ನಿಯಮಗಳೂ ಇದ್ದವು. ಅಲ್ಲಿ ಯಾವ ಆಯುಧ ಯಾವ ಕವಚದ ಮೇಲೆ ಎಷ್ಟು ಪರಿಣಾಮಕಾರಿ ಎಂಬುದಕ್ಕೆ ಪ್ರತ್ಯೇಕ ಕೋಷ್ಟಕವಿತ್ತು. ಹೆದರಿದ ದಂಡು ಹಿಂಜರಿಯುವುದಕ್ಕೂ ನಿಯಮವಿತ್ತು. ಕೊನೆಯ ಪುಟಗಳಲ್ಲಿ ಮಾಂತ್ರಿಕರು, ಡ್ರ್ಯಾಗನ್‌ಗಳು, ವೀರರು ಬಂದರು. ಒಬ್ಬ ವೀರ ನಾಲ್ಕು ಜನರಿಗೆ ಸಮ, ಮಹಾವೀರ ಎಂಟು ಜನರಿಗೆ ಸಮ. ವೀರನನ್ನು ಕೊಲ್ಲಲು ಒಂದೇ ಸರದಿಯಲ್ಲಿ ನಾಲ್ಕು ಪೆಟ್ಟು ಬೀಳಬೇಕು. ಮೂರು ಬಿದ್ದರೆ ಅವನಿಗೆ ಏನೂ ಆಗುವುದಿಲ್ಲ.

ಅದೇ ವರ್ಷ ಮಿನೆಸೋಟದ ಅವಳಿ ನಗರಗಳಲ್ಲಿ ಡೇವ್ ಆರ್ನಸನ್ ‘ಬ್ಲ್ಯಾಕ್‌ಮೂರ್’ ಎಂಬ ಕಲ್ಪಿತ ಸೀಮೆಯಲ್ಲಿ ಆಟ ನಡೆಸತೊಡಗಿದ. ಪ್ರತಿ ಆಟಗಾರನಿಗೂ ಒಂದೇ ಪಾತ್ರ, ವಾರದಿಂದ ವಾರಕ್ಕೆ ಅದೇ ಪಾತ್ರ. ಇಲ್ಲೊಂದು ತೊಡಕು ಹುಟ್ಟಿತು. ಯುದ್ಧದಾಟದಲ್ಲಿ ಒಂದು ಗೊಂಬೆ ಸತ್ತರೆ ಯಾರೂ ಅಳುವುದಿಲ್ಲ. ಆದರೆ ಹೆಸರಿಟ್ಟು, ವಾರಗಟ್ಟಲೆ ಕಥೆ ಕಟ್ಟಿ ಬೆಳೆಸಿದ ಪಾತ್ರ ಒಂದೇ ದಾಳಕ್ಕೆ ಸಾಯುವುದನ್ನು ಆಟಗಾರರು ಸಹಿಸಲಿಲ್ಲ. ಆರ್ನಸನ್ ತಾನೇ ಹಿಂದೆ ಬರೆದಿದ್ದ ನೌಕಾಯುದ್ಧದ ನಿಯಮಗಳತ್ತ ಕೈಚಾಚಿದ. ಉಕ್ಕಿನ ಹಡಗು ಒಂದೇ ಗುಂಡಿಗೆ ಮುಳುಗುವುದಿಲ್ಲ. ಏಟು ತಿನ್ನುತ್ತ ತಿನ್ನುತ್ತ ಕೊನೆಗೆ ಮುಳುಗುತ್ತದೆ. ಅದರ ಕವಚಕ್ಕೆ ಒಂದು ದರ್ಜೆ, ತಾಳಿಕೆಗೆ ಒಂದು ಅಂಕಿ. ಈ ಎರಡೂ ಅಂಕಿಗಳನ್ನು ಮನುಷ್ಯನಿಗೆ ಅಂಟಿಸಿದಾಗ ‘ಆರ್ಮರ್ ಕ್ಲಾಸ್’ ಮತ್ತು ‘ಹಿಟ್ ಪಾಯಿಂಟ್’ ಹುಟ್ಟಿದವು.

ಗೈಗ್ಯಾಕ್ಸ್ ಮತ್ತು ಆರ್ನಸನ್ ಸೇರಿ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಮೊದಲ ಮುದ್ರಣ 1,000 ಪ್ರತಿಗಳು. ‘ಚೈನ್‌ಮೇಲ್’ನ ಪದ್ಧತಿಯ ಜೊತೆ ಅದರಲ್ಲಿ ಇಪ್ಪತ್ತು ಮುಖದ ದಾಳವನ್ನು ಉರುಳಿಸುವ ಒಂದು ಪರ್ಯಾಯ ಪದ್ಧತಿಯೂ ಇತ್ತು. ಪರ್ಯಾಯವೇ ಮುಖ್ಯವಾಯಿತು. ನಾಲ್ಕು ಜನರಿಗೆ ಸಮನಾದ ವೀರ ಈಗ ನಾಲ್ಕನೆಯ ಮಟ್ಟದ ಯೋಧ. ಅವನ ಹಿಟ್ ಪಾಯಿಂಟ್‌ಗಳನ್ನು ನಾಲ್ಕು ದಾಳ ಉರುಳಿಸಿ ಕೂಡುತ್ತಾರೆ. ಪೆಟ್ಟುಗಳು ಒಂದೇ ಸರದಿಯಲ್ಲಿ ಬೀಳಬೇಕಿಲ್ಲ, ಒಂದರ ಮೇಲೊಂದು ಕೂಡುತ್ತವೆ.

ಈ ಒಂದು ತೀರ್ಮಾನದ ಪರಿಣಾಮ ಅಗಾಧ. ಹಿಟ್ ಪಾಯಿಂಟ್ ಇರುವ ಯೋಧ ಮೊದಲ ಅಂಕದಿಂದ ಕೊನೆಯ ಅಂಕದವರೆಗೂ ಒಂದೇ ಕಸುವಿನಿಂದ ಹೋರಾಡುತ್ತಾನೆ. ಅವನಿಗೆ ನೋವಿಲ್ಲ, ಏದುಸಿರಿಲ್ಲ, ಕೈ ಸೋಲುವುದಿಲ್ಲ. ಕೊನೆಯ ಅಂಕ ಹೋದ ಕ್ಷಣದಲ್ಲಿ ಮರದಂತೆ ಉರುಳುತ್ತಾನೆ. ಮಟ್ಟ ಏರಿದಂತೆ ಅಂಕ ಏರುವುದರಿಂದ, ಮೊದಲು ಒಂದೇ ಬಾಣಕ್ಕೆ ಸಾಯುತ್ತಿದ್ದವನಿಗೆ ಆಮೇಲೆ ಹತ್ತು ಬಾಣವೂ ಸಾಲದು. ಹಾಗಾಗಿ ನೆಲದ ಆಯ್ಕೆ, ಗುರಾಣಿಯ ದಿಕ್ಕು, ಸುತ್ತುವರಿಯುವ ಜಾಣ್ಮೆ ಇವುಗಳಿಗಿಂತ ದೊಡ್ಡ ಅಂಕಿಯೇ ಗೆಲುವಿನ ಮುಖ್ಯ ಕಾರಣವಾಯಿತು. ಗೈಗ್ಯಾಕ್ಸ್ ಇದನ್ನು ಬಲ್ಲವನೇ. 1979ರ ಆಟ ನಡೆಸುವವರ ಕೈಪಿಡಿಯಲ್ಲಿ ಅವನು, ಹಿಟ್ ಪಾಯಿಂಟ್ ಬರೀ ಮೈಯ ಗಟ್ಟಿತನವಲ್ಲ, ಅದರಲ್ಲಿ ನುರಿತ ಕೈ, ಅದೃಷ್ಟ, ದೈವದ ಕೃಪೆ ಎಲ್ಲ ಸೇರಿವೆ ಎಂದು ಸಮರ್ಥಿಸಿದ. ಒಂದು ಸುತ್ತು ಅಲ್ಲಿ ಒಂದು ಪೂರಾ ನಿಮಿಷ; ದಾಳದ ಒಂದು ಉರುಳು ಆ ನಿಮಿಷದ ಹಲವು ಬೀಸು-ತಡೆಗಳ ಒಟ್ಟು ಫಲ. ಸಮರ್ಥನೆಯಾಗಿ ಇದು ಸುಸಂಬದ್ಧ. ಆದರೆ ಆಟಗಾರ ಆ ನಿಮಿಷದೊಳಗೆ ಏನನ್ನೂ ಆಯ್ದುಕೊಳ್ಳುವಂತಿರಲಿಲ್ಲ ಎಂಬ ಕೊರತೆಯನ್ನು ಅದು ಮುಚ್ಚಲಿಲ್ಲ.

ಆ ಆಯ್ಕೆಯನ್ನು ಮರಳಿ ತರಲು ಹೊರಟವರಲ್ಲಿ ಕೆಲವರು ಸ್ವತಃ ಕತ್ತಿ ಬೀಸಿದವರು. 1966ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಶುರುವಾದ ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ’ ಎಂಬ ಸಂಘದವರು ಕವಚ ತೊಟ್ಟು, ಬೆತ್ತದ ಕತ್ತಿಗಳಿಂದ ನಿಜವಾಗಿಯೇ ಬಡಿದಾಡುತ್ತಿದ್ದರು. ಅದರ ಸದಸ್ಯ ಸ್ಟೀವ್ ಪೆರಿನ್ ಸಂಗಡಿಗರೊಂದಿಗೆ 1978ರಲ್ಲಿ ‘ರೂನ್‌ಕ್ವೆಸ್ಟ್’ ಬರೆದ. ಅಲ್ಲಿ ಹೊಡೆತಕ್ಕೆ ಒಂದು ದಾಳ, ತಡೆಗೆ ಇನ್ನೊಂದು ದಾಳ. ಪೆಟ್ಟು ಕೈಗೋ ಕಾಲಿಗೋ ತಲೆಗೋ ಎಂಬುದು ಗೊತ್ತಾಗುತ್ತದೆ. ಕಾಲಿಗೆ ಬಿದ್ದರೆ ಯೋಧ ಕುಸಿಯುತ್ತಾನೆ. ಕವಚ ಪೆಟ್ಟನ್ನು ತಪ್ಪಿಸುವುದಿಲ್ಲ, ಅದರ ಬಲವನ್ನು ಕುಗ್ಗಿಸುತ್ತದೆ. ಉದ್ದನೆಯ ಈಟಿಯವನಿಗೆ ಮೊದಲ ಹೊಡೆತದ ಅವಕಾಶ. ಸ್ಟೀವ್ ಜಾಕ್ಸನ್ 1977ರಲ್ಲಿ ರೂಪಿಸಿದ ‘ಮೆಲೀ’ ಆರು ಮೂಲೆಯ ಮನೆಗಳ ಮೇಲೆ ಮುಖದ ದಿಕ್ಕನ್ನು ಲೆಕ್ಕಕ್ಕೆ ತಂದಿತು. ಅದರ ಸರದಿ 5 ಸೆಕೆಂಡು. ಅವನದೇ 1986ರ ‘ಗರ್ಪ್ಸ್’ನಲ್ಲಿ ಅದು 1 ಸೆಕೆಂಡಿಗೆ ಇಳಿಯಿತು. 1980ರ ‘ಆರ್ಮ್ಸ್ ಲಾ’ ಪ್ರತಿ ಆಯುಧಕ್ಕೂ ಒಂದೊಂದು ಪುಟದ ಕೋಷ್ಟಕ ಕೊಟ್ಟು, 20 ಬಗೆಯ ಕವಚಗಳ ಮೇಲೆ ಅದರ ಪರಿಣಾಮವನ್ನು ಬೇರೆ ಬೇರೆಯಾಗಿ ನಮೂದಿಸಿತು. ಇವೆಲ್ಲ ಮೇಜಿನ ಮೇಲೆ ಆಡಲು ಭಾರವಾದವು. ಒಂದು ಸಣ್ಣ ಜಗಳ ಮುಗಿಯಲು ಒಂದು ಸಂಜೆ ಹಿಡಿಯುತ್ತಿತ್ತು. ಇಂಥ ಲೆಕ್ಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸುವ ಯಂತ್ರ ಅದೇ ವರ್ಷಗಳಲ್ಲಿ ಮನೆ ಹೊಕ್ಕಿತು.

ಆದರೆ ಕಂಪ್ಯೂಟರ್ ಆಟಗಳು ಹಗುರವಾದ ದಾರಿಯನ್ನೇ ಹಿಡಿದವು. 1970ರ ದಶಕದ ನಡುವಿನಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಜಾಲದಲ್ಲಿ ವಿದ್ಯಾರ್ಥಿಗಳು ಬರೆದ ಆಟಗಳು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಅಂಕಿಗಳನ್ನು ನೇರವಾಗಿ ಎತ್ತಿಕೊಂಡವು. 1981ರ ‘ವಿಜರ್ಡ್ರಿ’ಯಲ್ಲಿ ಆರು ಜನರ ತಂಡ, ಮುಂದಿನ ಸಾಲಿನ ಮೂವರು ಮಾತ್ರ ಕೈಹೋರಾಟ ಮಾಡಬಲ್ಲರು. ಅಲ್ಲಿ ವ್ಯೂಹವೆಂದರೆ ಅಷ್ಟೇ. ರಿಚರ್ಡ್ ಗ್ಯಾರಿಯಟ್‌ನ ‘ಅಲ್ಟಿಮಾ 3’ 1983ರಲ್ಲಿ ಕಾಳಗಕ್ಕೆ ಬೇರೆಯೇ ಒಂದು ಪರದೆ ಕೊಟ್ಟು, ಪಾತ್ರಗಳು ಅದರ ಮೇಲೆ ಓಡಾಡುವಂತೆ ಮಾಡಿತು. ಮೆಮೊರಿ ತೀರಾ ಕಡಿಮೆ ಇದ್ದ ಆ ಯಂತ್ರಗಳಿಗೆ ಅಷ್ಟೂ ಸಾಹಸವೇ.

ಯುದ್ಧದಾಟದ ಹಳೆಯ ಅನುಭವವನ್ನು ನೇರವಾಗಿ ಫ್ಯಾಂಟಸಿಗೆ ತಂದದ್ದು ಕ್ಯಾಲಿಫೋರ್ನಿಯದ ಎಸ್‌ಎಸ್‌ಐ. ಜೋಯಲ್ ಬಿಲಿಂಗ್ಸ್ 1979ರಲ್ಲಿ ಕಟ್ಟಿದ ಈ ಸಂಸ್ಥೆ ಹಾಸು-ಆಟಗಳಂಥ ಯುದ್ಧದಾಟಗಳಿಗೆ ಹೆಸರಾಗಿತ್ತು. ಅದಕ್ಕಾಗಿ ಪಾಲ್ ಮರ್ರಿ ಮತ್ತು ಕೀತ್ ಬ್ರೋರ್ಸ್ 1980ರ ದಶಕದ ನಡುವಿನಲ್ಲಿ ‘ವಿಜರ್ಡ್ಸ್ ಕ್ರೌನ್’ ರಚಿಸಿದರು. ಇಂದಿಗೂ ಅದರ ನಿಯಮಗಳನ್ನು ಓದಿದರೆ ಬೆರಗಾಗುತ್ತದೆ. ಎಂಟು ಜನರ ತಂಡ. ಗುರಾಣಿ ಎದುರನ್ನೂ ಎಡಬದಿಯನ್ನೂ ಮಾತ್ರ ಕಾಯುತ್ತದೆ; ಬಲದಿಂದಲೋ ಹಿಂದಿನಿಂದಲೋ ಬಂದವನ ಎದುರು ಅದು ಇದ್ದೂ ಇಲ್ಲದಂತೆ. ಈಟಿ ಎರಡು ಮನೆ ಆಚೆಗೆ ಮುಟ್ಟುತ್ತದೆ. ಕೊಡಲಿ ಗುರಾಣಿಯನ್ನು ಸೀಳಬಲ್ಲದು. ಸರಪಳಿ ಗದೆ ಗುರಾಣಿಯ ಅಂಚನ್ನು ದಾಟಿ ಬಡಿಯುತ್ತದೆ. ಗಾಯದಿಂದ ರಕ್ತ ಸೋರುತ್ತದೆ, ಕಟ್ಟದಿದ್ದರೆ ಯೋಧ ಸಾಯುತ್ತಾನೆ. ಇವುಗಳಲ್ಲಿ ಯಾವುದೂ ಬರೀ ಶೋಭೆಗಾಗಿ ಇಟ್ಟ ವಿವರವಲ್ಲ. ಪ್ರತಿಯೊಂದೂ ಆಟಗಾರನಿಗೆ ಒಂದು ಪ್ರಶ್ನೆ ಹಾಕುತ್ತದೆ: ಯಾರನ್ನು ಎಲ್ಲಿ ನಿಲ್ಲಿಸಬೇಕು, ಯಾರ ಬಲಬದಿಯನ್ನು ಯಾರು ಕಾಯಬೇಕು. ಕಾಳಗಗಳು ಬಹಳ ಹೊತ್ತು ಎಳೆಯುತ್ತಿದ್ದುದರಿಂದ ಕಂಪ್ಯೂಟರೇ ಬೇಗ ಲೆಕ್ಕಹಾಕಿ ಮುಗಿಸುವ ಸೌಲಭ್ಯವನ್ನೂ ಕೊಡಬೇಕಾಯಿತು.

ಎಸ್‌ಎಸ್‌ಐಗೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಪರವಾನಗಿ ದಕ್ಕಿದ ಮೇಲೆ 1988ರಲ್ಲಿ ‘ಪೂಲ್ ಆಫ್ ರೇಡಿಯನ್ಸ್’ ಬಂತು. ಅದು ಬಹು ಜನಪ್ರಿಯವಾಯಿತು. ಬೆಂಕಿಯ ಉಂಡೆ ಎಸೆದರೆ ತನ್ನವರೂ ಸುಡುತ್ತಾರೆ, ಹಿಂದಿನಿಂದ ಇರಿಯಲು ಸಂಗಾತಿಯೊಬ್ಬ ಎದುರು ನಿಲ್ಲಬೇಕು, ಸೋಲು ಕಂಡ ಶತ್ರುಗಳು ಕಾಲಿಗೆ ಬುದ್ಧಿ ಹೇಳುತ್ತಾರೆ. ಇವೆಲ್ಲ ಒಳ್ಳೆಯ ಅಂಶಗಳೇ. ಆದರೂ ‘ವಿಜರ್ಡ್ಸ್ ಕ್ರೌನ್’ನ ಗುರಾಣಿಯ ಬದಿ, ಆಯುಧಗಳ ಗುಣಭೇದ, ರಕ್ತಸ್ರಾವ ಬಹುಮಟ್ಟಿಗೆ ಮರೆಗೆ ಸರಿದು, ಹಿಟ್ ಪಾಯಿಂಟೇ ಮತ್ತೆ ಪಟ್ಟಕ್ಕೇರಿತು. ಪರವಾನಗಿಯ ಹೆಸರಿಗೆ ಇದ್ದ ಸೆಳೆತ ಎಂಥದೆಂಬುದಕ್ಕೆ ಇದೊಂದು ನಿದರ್ಶನ.

ತಂತ್ರಗಾರಿಕೆಯ ಉಳಿದ ಕಸುಬು ಫ್ಯಾಂಟಸಿಯ ಹೊರಗೆ ಬೆಳೆಯಿತು. ಬ್ರಿಟನ್ನಿನ ಜೂಲಿಯನ್ ಗಾಲಪ್ 1988ರ ‘ಲೇಸರ್ ಸ್ಕ್ವಾಡ್’ ಮತ್ತು 1994ರ ‘ಎಕ್ಸ್-ಕಾಮ್’ ಆಟಗಳಲ್ಲಿ ಪ್ರತಿ ಸೈನಿಕನಿಗೂ ಇಂತಿಷ್ಟು ಸಮಯದ ಅಂಕ ಕೊಟ್ಟ. ಅದನ್ನೆಲ್ಲ ನಡೆಯಲು ಖರ್ಚು ಮಾಡಬಹುದು, ಅಥವಾ ಉಳಿಸಿಕೊಂಡರೆ ಶತ್ರುವಿನ ಸರದಿಯಲ್ಲಿ ಅವನು ಕಂಡ ಕೂಡಲೇ ಗುಂಡು ಹಾರಿಸಬಹುದು. ಕತ್ತಲು, ಗೋಡೆ, ಹೊಗೆ ಕಣ್ಣಿಗೆ ಅಡ್ಡ ಬರುತ್ತವೆ. ಜಪಾನಿನಲ್ಲಿ ಶೋಜೋ ಕಾಗಾನ ‘ಫೈರ್ ಎಂಬ್ಲೆಮ್’ 1990ರಲ್ಲಿ ಸತ್ತ ಸಂಗಾತಿ ಮರಳಿ ಬಾರದಂತೆ ಮಾಡಿ, ಪ್ರತಿ ನಡೆಗೂ ತೂಕ ಕೊಟ್ಟಿತು. ಯಾಸುಮಿ ಮಾತ್ಸುನೋನ ‘ಟ್ಯಾಕ್ಟಿಕ್ಸ್ ಓಗರ್’ 1995ರಲ್ಲಿ ಎತ್ತರ-ತಗ್ಗುಗಳನ್ನು ಗೆಲುವಿನ ಲೆಕ್ಕಕ್ಕೆ ಸೇರಿಸಿತು.

ಮೈಕ್ರೋಪ್ರೋಸ್ ಸಂಸ್ಥೆಯ ‘ಡಾರ್ಕ್‌ಲ್ಯಾಂಡ್ಸ್’ ಇವೆಲ್ಲದರ ನಡುವೆ ಒಂಟಿಯಾಗಿ ನಿಂತ ಕೃತಿ. ಹಾಸು-ಆಟಗಳ ಅನುಭವಿ ಆರ್ನಲ್ಡ್ ಹೆಂಡ್ರಿಕ್ 1992ರಲ್ಲಿ 15ನೆಯ ಶತಮಾನದ ಜರ್ಮನಿಯನ್ನು, ಆ ಕಾಲದ ಜನ ನಂಬಿದ್ದ ಸಂತರು, ದೆವ್ವಗಳು, ರಸವಿದ್ಯೆ ಸಮೇತ ಆಟವಾಗಿಸಿದ. ಅಲ್ಲಿ ಆಯುಧಕ್ಕೆ ತೂರುವ ಶಕ್ತಿ, ಕವಚಕ್ಕೆ ದಪ್ಪ ಎಂಬ ಎರಡು ಅಳತೆಗಳಿವೆ. ಉಕ್ಕಿನ ಹಲಗೆಯ ಕವಚದ ಮೇಲೆ ಸಾಧಾರಣ ಕತ್ತಿ ಬಿದ್ದರೆ ಯೋಧ ಗಾಯಗೊಳ್ಳುವುದಿಲ್ಲ, ಬರೀ ದಣಿಯುತ್ತಾನೆ. ದಣಿವು ಮತ್ತು ಗಾಯ ಬೇರೆ ಬೇರೆ ಅಂಕಗಳು. ದಣಿವು ಬೇಗ ಆರುತ್ತದೆ, ಗಾಯ ಮಾಗಲು ದಿನಗಳು ಬೇಕು. ಕಾಳಗ ನಿಲ್ಲದೆ ಹರಿಯುತ್ತದೆ, ಆಟಗಾರ ಬೇಕೆಂದಾಗ ತಡೆದು ಆಜ್ಞೆ ಕೊಡಬಹುದು. ಬಿಡುಗಡೆಯ ಹೊತ್ತಿನಲ್ಲಿದ್ದ ದೋಷಗಳು ಅದರ ಹೆಸರಿಗೆ ಪೆಟ್ಟು ಕೊಟ್ಟವು. ಇಲ್ಲದಿದ್ದರೆ ಮುಂದಿನ ದಶಕದ ಆಟಗಳು ಬೇರೆ ದಾರಿ ಹಿಡಿಯುತ್ತಿದ್ದವೇನೋ.

ಹಾಗಾಗಲಿಲ್ಲ. ‘ಎಕ್ಸ್-ಕಾಮ್’ನಿಂದ ಸ್ಫೂರ್ತಿ ಪಡೆದು ಸರದಿಯ ಆಟವಾಗಿ ಶುರುವಾದ ‘ಡಯಾಬ್ಲೊ’, ತಯಾರಿಕೆಯ ನಡುವೆಯೇ ಎಡೆಬಿಡದ ಬಡಿದಾಟವಾಗಿ ಬದಲಾಗಿ 1997ರ ಆರಂಭದಲ್ಲಿ ಅಂಗಡಿಗಳಿಗೆ ಬಂತು. ಅದರ ಯಶಸ್ಸು ಮಾರುಕಟ್ಟೆಯನ್ನೇ ತನ್ನತ್ತ ತಿರುಗಿಸಿತು. 1998ರ ‘ಬಾಲ್ಡರ್ಸ್ ಗೇಟ್’ ತಡೆದು ಆಜ್ಞೆ ಕೊಡುವ ಪದ್ಧತಿಯನ್ನು ಉಳಿಸಿಕೊಂಡರೂ, ಆರು ಜನ ಒಂದೇ ಕಡೆ ಗುಂಪುಗೂಡಿ ಹೊಡೆದಾಡುವಾಗ ಸಾಲು, ಪಕ್ಕೆ, ಬೆನ್ನು ಎಂಬುವು ಕಲಸಿಹೋಗುತ್ತಿದ್ದವು. ಎದುರಾಳಿಯ ಪಕ್ಕದಿಂದ ಸರಿಯುವವನಿಗೆ ಅಲ್ಲೇ ಒಂದು ಪೆಟ್ಟು ಬೀಳುತ್ತದೆ ಎಂಬ ನಿಯಮವನ್ನು ಅಚ್ಚುಕಟ್ಟಾಗಿ ತೆರೆಗೆ ತಂದದ್ದು 2003ರ ‘ಟೆಂಪಲ್ ಆಫ್ ಎಲಿಮೆಂಟಲ್ ಈವಿಲ್’. ಸಾಲು ಕಟ್ಟಿ ಮಾಂತ್ರಿಕನನ್ನು ಕಾಯುವುದಕ್ಕೆ ಆ ಒಂದು ನಿಯಮದಿಂದ ಅರ್ಥ ಬಂತು.

ಇದೇ ಹೊತ್ತಿಗೆ ನಿಜವಾದ ಮಧ್ಯಯುಗದ ಕಾಳಗ ಹೇಗಿತ್ತು ಎಂಬ ತಿಳಿವು ಬಹಳ ಮುಂದೆ ಹೋಗಿತ್ತು. ಫಿಯೋರೆ ದೆಯಿ ಲಿಬೆರಿ 15ನೆಯ ಶತಮಾನದ ಆರಂಭದಲ್ಲಿ, ಹಾನ್ಸ್ ಟಾಲ್‌ಹೋಫರ್ 1467ರಲ್ಲಿ ಸಿದ್ಧಪಡಿಸಿದ ಚಿತ್ರಸಹಿತ ಕತ್ತಿವರಸೆಯ ಹೊತ್ತಗೆಗಳನ್ನು ಯುರೋಪ್, ಅಮೆರಿಕದ ಉತ್ಸಾಹಿಗಳು 1990ರ ದಶಕದಿಂದ ಓದಿ, ಮೈಯಲ್ಲಿ ಆಡಿ ನೋಡಿದರು. ಉಕ್ಕಿನ ಹಲಗೆಯ ಕವಚವನ್ನು ಕತ್ತಿ ಸೀಳುವುದಿಲ್ಲ. ಅಂಥವನ ಎದುರು ಯೋಧ ತನ್ನ ಕತ್ತಿಯ ಅಲಗನ್ನೇ ಒಂದು ಕೈಯಲ್ಲಿ ಹಿಡಿದು ಕಂಕುಳ, ಮೊಣಕೈಗಳ ಸಂದಿಗೆ ತಿವಿಯುತ್ತಾನೆ, ಅಥವಾ ಕತ್ತಿಯನ್ನು ತಿರುಗಿಸಿ ಹಿಡಿಕೆಯಿಂದ ಜಜ್ಜುತ್ತಾನೆ, ಇಲ್ಲವೇ ಕುಸ್ತಿ ಹಿಡಿದು ಕೆಡವಿ ಕಠಾರಿ ತೆಗೆಯುತ್ತಾನೆ. ಎರಡು ಕೈಯ ಕತ್ತಿಯ ತೂಕ ಸಾಮಾನ್ಯವಾಗಿ ಒಂದೂವರೆ ಕಿಲೋ ಆಸುಪಾಸು. ಆಟಗಳು ತೋರಿಸುವ ಹಾಗೆ ಎತ್ತಲಾರದ ಕಬ್ಬಿಣದ ತೊಲೆಯಲ್ಲ. ಎಲುಬುಗಳೂ ಸಾಕ್ಷಿ ಹೇಳಿದವು. ಸ್ವೀಡನ್ನಿನ ವಿಸ್ಬಿಯಲ್ಲಿ 1361ರ ಯುದ್ಧದಲ್ಲಿ ಸತ್ತವರ ಗುಂಪುಗೋರಿಗಳಲ್ಲಿ ಕಾಲಿನ ಗಾಯಗಳು ಹೇರಳ, ಏಕೆಂದರೆ ಗುರಾಣಿ ಕೆಳಗಿನವರೆಗೆ ಮುಚ್ಚುವುದಿಲ್ಲ. ಇಂಗ್ಲೆಂಡಿನ ಟೌಟನ್‌ನಲ್ಲಿ 1461ರ ಯುದ್ಧದ ಗುಂಪುಗೋರಿ 1996ರಲ್ಲಿ ಸಿಕ್ಕಿತು. ತಲೆಬುರುಡೆಗಳ ಮೇಲೆ ಒಂದಲ್ಲ, ಹಲವು ಏಟುಗಳು. 19ನೆಯ ಶತಮಾನದ ಫ್ರೆಂಚ್ ಸೇನಾನಿ ಆರ್ದಾಂ ದ್ಯು ಪಿಕ್ ಬರೆದಿದ್ದ ಮಾತೂ ಇದಕ್ಕೆ ಹೊಂದುತ್ತದೆ: ಹಳೆಯ ಯುದ್ಧಗಳಲ್ಲಿ ಎದುರುಬದುರು ನಿಂತಾಗಿನ ಸಾವಿಗಿಂತ, ಒಂದು ಕಡೆಯವರು ಎದೆಗೆಟ್ಟು ಬೆನ್ನು ತಿರುಗಿಸಿದ ಮೇಲಿನ ಸಾವೇ ಹೆಚ್ಚು.

ಈ ತಿಳಿವು ಆಟಗಳಿಗೆ ಎರಡು ದಾರಿಯಲ್ಲಿ ಇಳಿಯಿತು. ಒಂದು, ಆಟಗಾರನ ಕೈಗೇ ಕತ್ತಿ ಕೊಡುವ ದಾರಿ. ಟರ್ಕಿಯ ಅಂಕಾರಾದಲ್ಲಿ ಅರ್ಮಾನ್ ಯಾವುಜ್ ಮತ್ತು ಅವನ ಪತ್ನಿ ಇಪೆಕ್ ಶುರುಮಾಡಿದ ‘ಮೌಂಟ್ ಅಂಡ್ ಬ್ಲೇಡ್’ 2008ರಲ್ಲಿ ಪೂರ್ಣಗೊಂಡಿತು. ಅಲ್ಲಿ ಹೊಡೆತಕ್ಕೆ ನಾಲ್ಕು ದಿಕ್ಕು, ತಡೆಗೂ ನಾಲ್ಕು. ಓಡುವ ಕುದುರೆಯ ವೇಗ ಪೆಟ್ಟಿನ ಬಲಕ್ಕೆ ಸೇರುತ್ತದೆ. ಜಪಾನಿನ ‘ಡಾರ್ಕ್ ಸೋಲ್ಸ್’ 2011ರಲ್ಲಿ ಪ್ರತಿ ಬೀಸಿಗೂ ಪ್ರತಿ ತಡೆಗೂ ದಮ್ಮು ಖರ್ಚಾಗುವಂತೆ ಮಾಡಿತು. ಭಾರವಾದ ಕವಚ ತೊಟ್ಟವನು ನಿಧಾನವಾಗಿ ಹೊರಳುತ್ತಾನೆ. 1403ರ ಬೊಹೀಮಿಯದಲ್ಲಿ ನಡೆಯುವ, ಪ್ರಾಗ್ ನಗರದಲ್ಲಿ ತಯಾರಾದ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ 2018ರಲ್ಲಿ ಹತ್ತಿಯ ದಪ್ಪಂಗಿ, ಅದರ ಮೇಲೆ ಉಕ್ಕಿನ ಬಳೆಗಳ ಅಂಗಿ, ಅದರ ಮೇಲೆ ಹಲಗೆ ಎಂದು ಪದರ ಪದರವಾಗಿ ಕವಚ ತೊಡಿಸಿತು. ಅದರಲ್ಲಿ ಮೂವರ ನಡುವೆ ಸಿಕ್ಕಿದವನಿಗೆ ಉಳಿಗಾಲವಿಲ್ಲ.

ಎರಡನೆಯದು, ಯೋಜನೆಯ ದಾರಿ. ಟಾರ್ನ್ ಮತ್ತು ಜ್ಯಾಕ್ ಆಡಮ್ಸ್ ಸಹೋದರರು 2006ರಲ್ಲಿ ಹೊರತಂದ ‘ಡ್ವಾರ್ಫ್ ಫೋರ್ಟ್ರೆಸ್’ ಹಿಟ್ ಪಾಯಿಂಟನ್ನೇ ಕೈಬಿಟ್ಟು, ಈಗ ಚರ್ಮ, ಕೊಬ್ಬು, ಸ್ನಾಯು, ಎಲುಬುಗಳ ಪದರಗಳಲ್ಲಿ ಗಾಯವನ್ನು ಲೆಕ್ಕ ಹಾಕುತ್ತದೆ. ವಿವರದಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಅಲ್ಲಿ ಆಟಗಾರ ಹೆಚ್ಚಾಗಿ ಕಾಳಗವನ್ನು ದೂರದಿಂದ ಓದುತ್ತಾನೆ. ವಿವರ ಮತ್ತು ಆಯ್ಕೆ ಎರಡನ್ನೂ ಹದವಾಗಿ ಬೆಸೆದ ಕೃತಿ ಜರ್ಮನಿಯ ಹ್ಯಾಂಬರ್ಗ್‌ನಿಂದ 2017ರಲ್ಲಿ ಬಂದ ‘ಬ್ಯಾಟಲ್ ಬ್ರದರ್ಸ್’. ಆರು ಮೂಲೆಯ ಮನೆಗಳ ನೆಲ, ತಲೆಗೂ ಮೈಗೂ ಬೇರೆ ಬೇರೆ ಕವಚ, ಗುರಾಣಿ ಸೀಳುವ ಕೊಡಲಿ, ಗುರಾಣಿ ದಾಟುವ ಸರಪಳಿ ಗದೆ, ಹತ್ತಿರ ಬರಗೊಡದ ಈಟಿಗಳ ಬೇಲಿ, ದಿಣ್ಣೆಯ ಮೇಲೆ ನಿಂತವನಿಗೆ ಮೇಲುಗೈ. ‘ವಿಜರ್ಡ್ಸ್ ಕ್ರೌನ್’ ಬಲ್ಲವರಿಗೆ ಇವು ಮೂರು ದಶಕಗಳ ನಂತರ ಸಿಕ್ಕ ಹಳೆಯ ಪರಿಚಯಗಳು. ಇದರ ಮೇಲೆ ಅದು ಸೇರಿಸಿದ್ದು ಬಳಲಿಕೆ ಮತ್ತು ದಿಗಿಲು. ಪಕ್ಕದವನು ಸತ್ತುಬಿದ್ದರೆ, ಸುತ್ತಲೂ ಶತ್ರುಗಳು ಮುತ್ತಿದರೆ ಯೋಧನ ಎದೆ ಅಲುಗುತ್ತದೆ, ಅವನ ಹೊಡೆತವೂ ತಡೆಯೂ ಕುಗ್ಗುತ್ತವೆ, ಕೊನೆಗೆ ಓಡುತ್ತಾನೆ. ಒಬ್ಬನ ಓಟ ಇನ್ನೊಬ್ಬನನ್ನು ಅಲುಗಿಸಿ ಸಾಲೇ ಒಡೆಯುತ್ತದೆ. ಆಟಗಾರನ ಸ್ವಂತ ಪಡೆಗೂ ಇದೇ ನಿಯಮ. 1981ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪೆಟ್ಟಿಗೆಯಲ್ಲಿ ರಾಕ್ಷಸರ ಧೈರ್ಯಕ್ಕೆ 2ರಿಂದ 12ರವರೆಗೆ ಅಂಕಿ ಇತ್ತು, ಆಟಗಾರರ ಪಾತ್ರಗಳಿಗೆ ಇರಲಿಲ್ಲ. ಗಾಯದ ವಿವರಗಳಿಗಿಂತ ಈ ದಿಗಿಲಿನ ನಿಯಮವೇ ಕಾಳಗವನ್ನು ನಿಜಕ್ಕೆ ಹತ್ತಿರ ಒಯ್ಯುತ್ತದೆ, ಏಕೆಂದರೆ ಶತ್ರುವನ್ನು ಕೊಲ್ಲುವುದಕ್ಕಿಂತ ಅವನ ಸಾಲು ಮುರಿಯುವುದು ಗುರಿಯಾದ ಕೂಡಲೇ ಪಕ್ಕೆ, ದಿಣ್ಣೆ, ಮೀಸಲು ಪಡೆ ಎಲ್ಲಕ್ಕೂ ಬೆಲೆ ಬರುತ್ತದೆ.

ಬೆಲ್ಜಿಯಂನ ಲಾರಿಯನ್ ಸಂಸ್ಥೆಯ ‘ಬಾಲ್ಡರ್ಸ್ ಗೇಟ್ 3’ 2023ರಲ್ಲಿ ಸರದಿಯ ಕಾಳಗವನ್ನು ಭಾರಿ ಬಂಡವಾಳದ ಆಟಗಳ ಸಾಲಿಗೆ ಮರಳಿ ತಂದಿತು. ಎತ್ತರ, ಎಣ್ಣೆ ಚೆಲ್ಲಿದ ನೆಲ, ಅಂಚಿನಿಂದ ತಳ್ಳುವುದು ಎಲ್ಲವೂ ಅದರಲ್ಲಿ ತಂತ್ರದ ಭಾಗ. ಬಹುಪಾಲು ಶತ್ರುಗಳು ಮಾತ್ರ ಇನ್ನೂ ಕೊನೆಯ ಹಿಟ್ ಪಾಯಿಂಟಿನವರೆಗೆ ಹೋರಾಡಿಯೇ ಸಾಯುತ್ತಾರೆ.

ಶರಣಾಗತಿ ಮತ್ತು ಸೆರೆ, ಮಧ್ಯಯುಗದ ಯುದ್ಧದಲ್ಲಿ ಅಷ್ಟೊಂದು ಸಾಮಾನ್ಯವಾಗಿದ್ದರೂ, ಈ ಆಟಗಳಲ್ಲಿ ತೀರಾ ಕಡಿಮೆ ಕಾಣುವ ಸಂಗತಿಗಳು. ಆ ಕಾಲದಲ್ಲಿ ಸಿರಿವಂತ ಯೋಧನ ಹೆಣಕ್ಕಿಂತ ಅವನ ಒತ್ತೆಹಣಕ್ಕೆ ಬೆಲೆ ಹೆಚ್ಚು. ‘ಕಿಂಗ್‌ಡಮ್ ಕಮ್’ನಲ್ಲಿ ಸೋತ ಶತ್ರು ಆಯುಧ ಕೆಳಗಿಟ್ಟು ಪ್ರಾಣಭಿಕ್ಷೆ ಬೇಡುವುದುಂಟು. ‘ಮೌಂಟ್ ಅಂಡ್ ಬ್ಲೇಡ್’ ಇನ್ನೂ ಮುಂದೆ ಹೋಗುತ್ತದೆ. ಸೆರೆಸಿಕ್ಕವರನ್ನು ಪಾನಗೃಹದಲ್ಲಿ ಕಾದಿರುವ ದಲ್ಲಾಳಿಗೆ ಒಪ್ಪಿಸಬಹುದು. ಸೆರೆಯಾದ ಪಾಳೆಯಗಾರನಿಗೆ ಅವನ ಕಡೆಯವರು ಹಣ ಕಟ್ಟಿ ಬಿಡಿಸಿಕೊಳ್ಳುತ್ತಾರೆ. ಆಟಗಾರ ರಣರಂಗದಲ್ಲಿ ಬಿದ್ದರೂ ಸಾಯುವುದಿಲ್ಲ. ಅವನ ದಂಡು ಚದುರುತ್ತದೆ, ಸಾಮಾನು ಹೋಗುತ್ತದೆ, ಗೆದ್ದವರ ಹಿಂದೆ ಸೆರೆಯಾಳಾಗಿ ಊರೂರು ಅಲೆದು, ತಪ್ಪಿಸಿಕೊಂಡ ಮೇಲೆ ಬಹುಪಾಲು ಬರಿಗೈಯಲ್ಲಿ ಮತ್ತೆ ಶುರುಮಾಡುತ್ತಾನೆ. ಆರ್ನಸನ್‌ನ ಆಟಗಾರರು ತಮ್ಮ ಪಾತ್ರ ಉಳಿಯಬೇಕೆಂದು ಕೇಳಿದ್ದಕ್ಕೆ ಇದು ಇನ್ನೊಂದು ಉತ್ತರ: ಇಲ್ಲಿ ಪಾತ್ರ ಉಳಿಯುತ್ತದೆ, ಸೋಲೂ ಸೋಲಾಗಿಯೇ ಉಳಿಯುತ್ತದೆ, ಅದಕ್ಕಾಗಿ ಮೈಯನ್ನು ಹಡಗಿನಂತೆ ಉಕ್ಕಾಗಿಸಬೇಕಿಲ್ಲ.